ಚಿಂತೆ ಬಿಡಿ ಅಂತಾರೆ, ಮನೆಯವರ ಕೆಲಸ ಹೋಗಿದೆ. ದೇವರನ್ನ ಮೊದಲು ಇಡೋದು ಅಂದ್ರೆ ದಿನಾ ಏನು ಮಾಡೋದು?

ದಾಸರಹಳ್ಳಿ ಅಮ್ಮ:
ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು. ನಮ್ಮ ಮನೆಯವರು ಪೀಣ್ಯ ಕಡೆ ಒಂದು ಫ್ಯಾಕ್ಟರಿಲಿ ಕಾಂಟ್ರಾಕ್ಟ್ ಮೇಲೆ ಮೆಷಿನ್ ಆಪರೇಟರ್ ಆಗಿದ್ರು, ಈ ಸಲ ರಿನ್ಯೂ ಮಾಡಲಿಲ್ಲ. ನಾನು ಮನೇಲಿ ಬ್ಲೌಸ್ ಹೊಲಿತೀನಿ, ಸೀರೆಗೆ ಫಾಲ್ ಹಾಕ್ತೀನಿ, ಅದರಲ್ಲಿ ರೇಷನ್ನು ಹಾಲು ನಡೀತಿದೆ ಅಷ್ಟೆ. ಬಾಡಿಗೆ ಅಡ್ವಾನ್ಸಲ್ಲಿ ಮುರ್ಕೊಳ್ಳಿ ಅಂತ ಓನರ್‌ನ ಕೇಳಿದೀವಿ, ಒಡವೆ ಆಗಲೇ ಬ್ಯಾಂಕಲ್ಲಿ ಅಡ ಇದೆ, ಮಕ್ಕಳ ಎರಡನೇ ಟರ್ಮ್ ಫೀಸ್ ಇನ್ನೂ ಕಟ್ಟಿಲ್ಲ.

ರಾತ್ರಿ ಎಲ್ಲರೂ ಕೂತು ಪ್ರಾರ್ಥನೆ ಮಾಡಿ ಮಲಗ್ತೀವಿ, ಆದ್ರೂ ಮಧ್ಯರಾತ್ರಿ ಎಚ್ಚರ ಆಗಿಬಿಡುತ್ತೆ, ಆಮೇಲೆ ತಲೇಲಿ ಬರೀ ಲೆಕ್ಕ, ಬೆಳಗಿನ ತನಕ. ಇದನ್ನ ಸಭೆಯಲ್ಲಿ ಒಬ್ಬ ಸಿಸ್ಟರ್ ಹತ್ರ ಹೇಳ್ಕೊಂಡೆ, ಅವರು "ಚಿಂತೆ ಮಾಡೋದೇ ಅವಿಶ್ವಾಸ, ಅದಕ್ಕೇ ನಿಮ್ಮ ಪ್ರಾರ್ಥನೆಗೆ ಉತ್ತರ ಬರ್ತಿಲ್ಲ" ಅಂದ್ರು. ಅವತ್ತಿಂದ ಚಿಂತೆ ಜೊತೆ, ಚಿಂತೆ ಮಾಡ್ತಿದೀನಲ್ಲ ಅನ್ನೋ ಚಿಂತೆನೂ ಸೇರ್ಕೊಂಡಿದೆ. ಮತ್ತಾಯ 6ನೇ ಅಧ್ಯಾಯ ದಿನಾ ಓದ್ತೀನಿ, ಆಕಾಶದ ಹಕ್ಕಿಗಳು, ಹೊಲದ ಹೂವುಗಳು, ಮೊದಲು ದೇವರ ರಾಜ್ಯ ಹುಡುಕಿ ಅನ್ನೋದು. ಓದುವಾಗ ಸಮಾಧಾನ, ಬೈಬಲ್ ಮುಚ್ಚಿದ ಮೇಲೆ ಮತ್ತೆ ಅದೇ.

ಇನ್ನೊಂದು ವಿಷ್ಯ. ಇವರಿಗೆ ಈಗ ಬೇರೆ ಕಡೆ ಕೆಲಸ ಸಿಗೋ ಹಾಗಿದೆ, ಆದ್ರೆ ಭಾನುವಾರ ಡ್ಯೂಟಿ ಇರುತ್ತೆ, ವಾರದ ರಜೆ ಮಂಗಳವಾರವಂತೆ. ಇವರು ಹೋಗ್ತೀನಿ ಅಂತಾರೆ, ನನಗೆ ಮನಸ್ಸಿಲ್ಲ. ಸಭೆಗೆ ಕೊಡೋ ದಶಮಾಂಶನೂ (ಆದಾಯದ ಹತ್ತನೇ ಒಂದು ಪಾಲು) ನಿಂತುಹೋಗಿದೆ, ಅದೂ ಚುಚ್ತಾ ಇದೆ. ದೇವರನ್ನ ಮೊದಲು ಇಡೋದು ಅಂದ್ರೆ ಇಂಥ ಟೈಮಲ್ಲಿ ಏನು ಮಾಡೋದು, ಅನುಭವ ಇರೋರು ಹೇಳಿ ಪ್ಲೀಸ್.

ಹುಬ್ಬಳ್ಳಿ ಹಿರಿಯ:
ತಂಗಿ, ವಂದನೆಗಳವಾ. ಮೊದಲ ಆ ಸಿಸ್ಟರ್ ಹೇಳಿದ ಮಾತು ಮನಸಿನ್ಯಾಗಿಂದ ತಗದಹಾಕು. ಚಿಂತಿ ಬಂದದ್ದಕ್ಕ ದೇವರು ಕಿವಿ ಮುಚ್ಚಿಕೊಂಡ ಅಂತ ಬೈಬಲ್ದಾಗ ಎಲ್ಲೂ ಇಲ್ಲ. ಏನೂ ಚಿಂತಿ ಮಾಡಬ್ಯಾಡ್ರಿ ಅಂತ ಫಿಲಿಪ್ಪಿಯವರಿಗೆ ಬರದಂವ ಅಪೊಸ್ತಲ ಪೌಲ, ಅದೂ ಸೆರಿಮನ್ಯಾಗ ಕುಂತು ಬರದಾನ. ಅದ ಪೌಲ ಕೊರಿಂಥದವರಿಗೆ ಬರಿಯುವಾಗ ಎಲ್ಲಾ ಸಭಾಗಳ ಚಿಂತಿ ದಿನಾ ನನ್ನ ಮ್ಯಾಲೆ ಐತಿ ಅಂತಾನೂ ಹೇಳ್ಯಾನ. ಗೆತ್ಸೇಮನೆ ತೋಟದಾಗ ನಮ್ಮ ಕರ್ತ ಯೇಸುವಿನ ಮನಸ್ಸ ಎಷ್ಟು ಕಳವಳ ಆಗಿತ್ತು ನೆನಸ್ಕೋ. ಅವರ್ಯಾರೂ ಅವಿಶ್ವಾಸಿಗಳಲ್ಲ.

ಪ್ರವಾದಿ ಎಲೀಯ ಸಾಕಾಗಿ ಅಡವ್ಯಾಗ ಗಿಡದ ಬುಡಕ್ಕ ಮಲಗಿ ನನ್ನ ಜೀವಾ ತಗೊಂಡುಬಿಡು ಅಂದಾಗ ದೇವರು ಏನ್ ಮಾಡಿದ? ಬೈಲಿಲ್ಲ, ಪಾಠಾ ಹೇಳಲಿಲ್ಲ. ದೂತನ್ನ ಕಳಿಸಿ ರೊಟ್ಟಿ ನೀರು ಕೊಡಿಸಿದ, ಮತ್ತ ಮಲಗಾಕ ಬಿಟ್ಟ, ಮತ್ತ ಎಬ್ಬಿಸಿ ಉಣ್ಣಿಸಿದ, ಮಾತು ಆಮ್ಯಾಲೆ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು, ಮಕ್ಕಳಿಗೆ ಬಡಿಸಿ ನೀ ಉಪಾಸ ಇರಬ್ಯಾಡ. ರಾತ್ರಿ ಎಚ್ಚರ ಆತಂದ್ರ ಹೊಳ್ಳ್ಯಾಡಕೋತ ಬೀಳಬ್ಯಾಡ, ಎದ್ದು ಲೈಟ್ ಹಾಕಿ 3ನೇ, 4ನೇ ಕೀರ್ತನಿ ಬಾಯಿಬಿಟ್ಟು ಓದು. ದಾವೀದ ಮಗನ ಕೈಯಿಂದ ತಪ್ಪಿಸ್ಕೊಂಡು ಓಡುವಾಗೂ ಮಲಗಿ ನಿದ್ದಿ ಮಾಡಿ ಎದ್ದೆ ಅಂತ 3ನೇದರಾಗ ಹೇಳ್ಯಾನ, ಸಮಾಧಾನದಿಂದ ಮಲಗಿ ನಿದ್ದಿ ಮಾಡ್ತೀನಿ ಅಂತ 4ನೇದರಾಗ. ನಮ್ಮ ಮನ್ಯಾಕಿ ಕ್ಯಾನ್ಸರ್ ಟ್ರೀಟ್‌ಮೆಂಟ್ ನಡದಾಗ ನಮ್ಮ ಮನ್ಯಾಗ ರಾತ್ರಿ ಇದ ನಡೀತಿತ್ತು. ಚಿಂತಿ ಹ್ವಾದಂಗ ಹೋಗಿ ಮತ್ತ ಬರ್ತಿತ್ತು, ಬಂದಾಗೆಲ್ಲಾ ಮತ್ತ ಓದತಿದ್ವಿ.

ಕರಾವಳಿ ಟೀಚರ್:
ಹಕ್ಕಿಗಳ ಮಾತಿಗೆ ಒಂದು ಸೇರಿಸ್ತೇನೆ. ಹಕ್ಕಿಗಳು ಬಿತ್ತುವುದಿಲ್ಲ ಅಂತ ಮಾತ್ರ ಯೇಸು ಹೇಳಿದ್ದು, ಗೂಡಲ್ಲಿ ಸುಮ್ಮನೆ ಕೂರ್ತವೆ ಅಂತ ಅಲ್ಲ. ಬೆಳಗ್ಗೆ ಬೇಗ ಎದ್ದು ಹೊರಡುವುದು ಅವೇ ಅಲ್ವಾ.

ನನಗೆ ಚಿಂತೆ ಬಂದಾಗ ನೆನಪಾಗುವುದು ಪಂಡಿತಾ ರಮಾಬಾಯಿ. ಅವರು ನಮ್ಮ ಕಡೆಯವರೇ, 1858ರಲ್ಲಿ ಹುಟ್ಟಿದ್ದು ಕಾರ್ಕಳದ ಮಾಳದ ಹತ್ತಿರ ಗಂಗಾಮೂಲದ ಕಾಡಲ್ಲಿ, ಅದು ಇಲ್ಲಿ ಸುಮಾರು ಜನಕ್ಕೆ ಗೊತ್ತೇ ಇಲ್ಲ. 1870ರ ದಶಕದ ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಹೋಗಿ ಅಣ್ಣನ ಜೊತೆ ಊರೂರು ನಡೆದವರು, ಹಸಿವು ಅಂದ್ರೆ ಏನು ಅಂತ ಪುಸ್ತಕ ಓದಿ ತಿಳಿದುಕೊಂಡವರಲ್ಲ. ಆಮೇಲೆ ಕ್ರಿಸ್ತನನ್ನು ನಂಬಿ, ವಿಧವೆಯರಿಗೋಸ್ಕರ ಶಾರದಾ ಸದನ ಶುರು ಮಾಡಿದರು. ಇಂಗ್ಲೆಂಡಿನ ಬ್ರಿಸ್ಟಲಲ್ಲಿ ಜಾರ್ಜ್ ಮುಲ್ಲರ್ ಅನ್ನುವವರು ಯಾರ ಹತ್ತಿರವೂ ದುಡ್ಡು ಕೇಳದೆ, ದೇವರ ಹತ್ತಿರ ಮಾತ್ರ ಕೇಳಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದ ಕತೆ ಓದಿ, ನಮ್ಮ ದೇಶದಲ್ಲೂ ದೇವರನ್ನು ಹೀಗೆ ನಂಬಬಹುದಲ್ಲ ಅಂತ ಅವರಿಗೆ ಅನ್ನಿಸಿತಂತೆ. 1896-97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ ಬಿದ್ದಾಗ ಅಲ್ಲಿಗೆ ಹೋಗಿ ನೂರಾರು ಹುಡುಗಿಯರನ್ನು ಪುಣೆ ಹತ್ತಿರದ ಕೇಡಗಾಂವಿಗೆ ಕರಕೊಂಡು ಬಂದರು, ಅಷ್ಟು ಜನಕ್ಕೆ ಊಟ ಎಲ್ಲಿಂದ ಅಂತ ಯಾರಿಗೆ ಗೊತ್ತಿತ್ತು.

ನನಗೆ ಬಹಳ ಮುಖ್ಯ ಅನ್ನಿಸುವುದು ಏನಂದ್ರೆ ಅಲ್ಲಿ ಪ್ರಾರ್ಥನೆ ನಡೆಯುತ್ತಿತ್ತು, ಹಾಗೆಯೇ ಬಾವಿಯನ್ನೂ ತೋಡಿಸಿದ್ದಾರೆ, ತೋಟ ಮಾಡಿದ್ದಾರೆ, ಹುಡುಗಿಯರಿಗೆ ನೇಯ್ಗೆ, ಮುದ್ರಣದ ಪ್ರೆಸ್ಸಿನ ಕೆಲಸ ಎಲ್ಲ ಕಲಿಸಿದ್ದಾರೆ. ಅವರ ಬಾಳಿನ ಕೊನೆಯೂ ಸುಲಭ ಇರಲಿಲ್ಲ. ಗುಲ್ಬರ್ಗದಲ್ಲಿ ಶಾಲೆ ನಡೆಸಿದ ಒಬ್ಬಳೇ ಮಗಳು ಮನೋರಮಾ 1921ರಲ್ಲಿ ತೀರಿಹೋದಳು, ಮರುವರ್ಷ ಇವರು. ಕಷ್ಟ ಬಾರದೇ ಇದ್ದದ್ದಕ್ಕೆ ಅವರ ನಂಬಿಕೆ ನಿಂತದ್ದಲ್ಲ. ನೀವು ಹೊಲಿಗೆ ಮೆಷಿನ್ ಮುಂದೆ ಕೂರುವುದು ಅವಿಶ್ವಾಸ ಅಲ್ಲ ಸಿಸ್ಟರ್, ಕೂರುವ ಮೊದಲು ಈ ದಿನವನ್ನು ದೇವರ ಕೈಗೆ ಕೊಟ್ಟು ಕೂತ್ಕೊಳ್ಳಿ.

ಶಿಫ್ಟ್ ನರ್ಸ್:
ಅಕ್ಕ, ನಾನು ನರ್ಸ್, ಭಾನುವಾರದ ಡ್ಯೂಟಿ ನನಗೆ ಮಾಮೂಲಿ. ಸಬ್ಬತ್ ಅಂದ್ರೆ ವಿಶ್ರಾಂತಿ ದಿನ ಯೇಸುನೇ ರೋಗಿಗಳನ್ನ ವಾಸಿ ಮಾಡಿದಾರೆ. ಭಾನುವಾರ ಬೆಳಗ್ಗೆ ಸಿಗಲಿಲ್ಲ ಅಂದ್ರೆ ಸಂಜೆ ಆರಾಧನೆಗೆ ಹೋಗ್ತೀನಿ, ಅದೂ ಇಲ್ಲ ಅಂದ್ರೆ ಬುಧವಾರದ ಕೂಟ ಬಿಡಲ್ಲ. ನನಗೆ ದೇವರು ಮೊದಲು ಅನ್ನೋದು ಬೆಳಗ್ಗೆ ಎದ್ದ ತಕ್ಷಣ ಗೊತ್ತಾಗುತ್ತೆ, ಕೈ ಫೋನಿಗೆ ಹೋಗುತ್ತಾ ಬೈಬಲಿಗೆ ಹೋಗುತ್ತಾ ಅಂತ. ಫೋನ್ ನೋಡಿದ್ರೆ ಬ್ಯಾಂಕ್ ಮೆಸೇಜು, ಸ್ಕೂಲ್ ಗ್ರೂಪು, ದಿನ ಅಲ್ಲಿಂದನೇ ಭಯದಲ್ಲಿ ಶುರು ಆಗುತ್ತೆ. ಹತ್ತು ನಿಮಿಷ ತಡವಾಗಿ ನೋಡಿದ್ರೆ ಯಾವ ಸಾಲನೂ ಜಾಸ್ತಿ ಆಗಲ್ಲ.

ದಶಮಾಂಶದ ಬಗ್ಗೆ, ದಯವಿಟ್ಟು ಸಾಲ ಮಾಡಿ ಕೊಡ್ಬೇಡಿ. ಎರಡನೇ ಅರಸುಗಳು 4ನೇ ಅಧ್ಯಾಯ ಓದಿ, ಸಾಲ ಕೊಟ್ಟವನು ಮಕ್ಕಳನ್ನ ಎಳ್ಕೊಂಡು ಹೋಗೋಕೆ ಬಂದಿರ್ತಾನೆ, ಆ ವಿಧವೆ ಮನೇಲಿ ಇರೋದು ಒಂದು ಚೂರು ಎಣ್ಣೆ. ಪ್ರವಾದಿ ಎಲೀಷ ಹೇಳಿದ ಹಾಗೆ ಅಕ್ಕಪಕ್ಕದವರ ಖಾಲಿ ಪಾತ್ರೆ ತಂದು ಆ ಎಣ್ಣೆ ಸುರಿದಾಗ ಎಲ್ಲ ತುಂಬುತ್ತೆ. ಆಮೇಲೆ ಎಲೀಷ ಏನು ಹೇಳಿದ? ಎಣ್ಣೆ ಮಾರು, ಸಾಲ ತೀರಿಸು, ಉಳಿದಿದ್ದರಲ್ಲಿ ನೀನೂ ಮಕ್ಕಳೂ ಬದುಕಿ ಅಂತ. ನನಗೆ ಒಂದು ಕಾಣಿಕೆ ತಂದುಕೊಡು ಅನ್ನಲಿಲ್ಲ. ಬ್ಲೌಸಿನ ದುಡ್ಡು ಬಂದಾಗ ಸಂತೋಷದಿಂದ ಎಷ್ಟು ತೆಗೆದಿಡೋಕೆ ಆಗುತ್ತೋ ಅಷ್ಟು ಮೊದಲೇ ತೆಗೆದಿಡಿ, ಹತ್ತು ರೂಪಾಯಿ ಆದ್ರೂ ಸರಿ. ಯೂಟ್ಯೂಬಲ್ಲಿ ಇಷ್ಟು ಕಾಣಿಕೆ ಕಳಿಸಿ ದೇವರು ನೂರುಪಟ್ಟು ಕೊಡ್ತಾರೆ ಅನ್ನೋರ ಮಾತು ಮಾತ್ರ ಕೇಳ್ಬೇಡಿ, ಕಷ್ಟದಲ್ಲಿ ಇರೋರೇ ಅವರಿಗೆ ಸಿಗೋದು, ಇದು ನೋಡಿ ನೋಡಿ ನನಗೆ ತುಂಬಾ ಹೊಟ್ಟೆ ಉರಿಯುತ್ತೆ.

ಮೈಸೂರು ಬ್ರದರ್:
ನರ್ಸ್ ಸಿಸ್ಟರ್ ಹೇಳಿದ್ದೆಲ್ಲ ಸರಿ ಆದ್ರೆ ಭಾನುವಾರದ ವಿಷಯದಲ್ಲಿ ನಾನು ಸ್ವಲ್ಪ ಬೇರೆ ಹೇಳ್ತೀನಿ. ಆಸ್ಪತ್ರೆ ಡ್ಯೂಟಿ ರೊಟೇಷನ್ ಮೇಲೆ ಬರುತ್ತೆ, ಆದ್ರೆ ಎಲ್ಲಾ ಭಾನುವಾರನೂ ಖಾಯಂ ಡ್ಯೂಟಿ ಅಂದ್ರೆ ಅಪ್ಪ ಇಲ್ಲದೆ ಮಕ್ಕಳು ಆಲಯಕ್ಕೆ ಹೋಗೋದು ಅಭ್ಯಾಸ ಆಗಿಬಿಡುತ್ತೆ, ಕ್ರಮೇಣ ಅವರೂ ಬಿಡ್ತಾರೆ, ನಮ್ಮ ಸಭೇಲೇ ನೋಡಿದೀನಿ. ಸೇರೋ ಮುಂಚೆ ಒಂದು ಮಾತು ಕೇಳಲಿ, ಬೇಕಾದ್ರೆ ನೈಟ್ ಶಿಫ್ಟ್ ಹೆಚ್ಚಿಗೆ ಮಾಡ್ತೀನಿ, ತಿಂಗಳಿಗೆ ಎರಡು ಭಾನುವಾರ ಬೆಳಗ್ಗೆ ಬಿಡಿ ಅಂತ. ಕೇಳೋಕೂ ನಂಬಿಕೆ ಬೇಕು. ಆಗಲ್ಲ ಅಂದ್ರೆ ಸೇರಿಕೊಳ್ಳಲಿ, ಸ್ವಂತ ಮನೆಯವರನ್ನ ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಅಂತ ತಿಮೊಥೆಯನಿಗೆ ಬರೆದ ಪತ್ರದಲ್ಲೇ ಇದೆ. ಆದ್ರೆ ಸೇರಿದ ಮೇಲೂ ಬೇರೆ ಕೆಲಸ ಹುಡುಕೋದು ನಿಲ್ಲಿಸ್ಬೇಡಿ, ಮಂಗಳವಾರ ರಜೆ ಅಂದ್ರೆ ಆವತ್ತು ಮನೇಲಿ ಪ್ರಾರ್ಥನೆ ಇಟ್ಕೊಳ್ಳಿ, ನಿಮ್ಮ ಸಭೆಯ ಅಯ್ಯನವರನ್ನೂ (ಪಾಸ್ಟರ್) ಕರೀರಿ, ಪರಿಸ್ಥಿತಿ ಅವರಿಗೆ ಗೊತ್ತಿರೋದು ಒಳ್ಳೇದು.

ದಾಸರಹಳ್ಳಿ ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹುಬ್ಬಳ್ಳಿ ಅಣ್ಣಾವ್ರೆ, ಎಲೀಯನ ಭಾಗ ಮನೆಯವರಿಗೆ ಓದಿ ಹೇಳಿದೆ, ಅವರು ಸುಮ್ಮನೆ ಕೂತು ಅತ್ತುಬಿಟ್ರು, ಅವರ ಮನಸ್ಸಲ್ಲೂ ಇಷ್ಟು ಭಾರ ಇತ್ತು ಅಂತ ನನಗೆ ಗೊತ್ತಿರಲಿಲ್ಲ. ಸೋಮವಾರ ಹೋಗಿ ಸೂಪರ್‌ವೈಸರ್ ಹತ್ರ ಎರಡು ಭಾನುವಾರದ ಬಗ್ಗೆ ಕೇಳ್ತೀನಿ ಅಂದಿದಾರೆ, ಕೊಡದಿದ್ರೂ ಸೇರೋದು ಅಂತ ಇಬ್ಬರೂ ಪ್ರಾರ್ಥನೆ ಮಾಡಿ ತೀರ್ಮಾನ ಮಾಡಿದೀವಿ. ಫೀಸಿಗೆ ಸ್ಕೂಲಲ್ಲಿ ಕಂತು ಕೇಳಿ ಅರ್ಜಿ ಕೊಡ್ತೀನಿ.

ಪೀಣ್ಯ, ದಾಸರಹಳ್ಳಿ, ಜಾಲಹಳ್ಳಿ ಕಡೆ ಭಾನುವಾರ ಸಂಜೆ ಕನ್ನಡ ಆರಾಧನೆ ಎಲ್ಲಾದ್ರೂ ಇದ್ರೆ ಯಾರಾದ್ರೂ ತಿಳಿಸಿ, ಡ್ಯೂಟಿ ಐದು ಗಂಟೆಗೆ ಮುಗಿಯುತ್ತಂತೆ.