ಅಪ್‌ಡೇಟ್: ಅಮ್ಮನದು ಫಂಗಸ್ ಅಲ್ಲ, ಪೆಂಫಿಗಸ್

ಅಮ್ಮನ ಜನನಾಂಗದ ಹುಣ್ಣು ಫಂಗಸ್ ಕ್ರೀಮಿಗೆ ಮೂರು ತಿಂಗಳಾದರೂ ಮಾಯುತ್ತಿಲ್ಲ ಅಂತ ಕೇಳಿದ್ದೆನಲ್ಲ, ಉತ್ತರ ಸಿಕ್ಕಿದೆ.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋದೆವು. ಅಮ್ಮ ಒಂದೇ ಮಗ್ಗುಲಿಗೆ ಕೂತು, ತಿರುವು ಬಂದಾಗಲೆಲ್ಲ ಕಂಬಿ ಬಿಗಿಯಾಗಿ ಹಿಡಿಯುತ್ತಿದ್ದಳು. ಚರ್ಮದ ಡಾಕ್ಟರು ಮೊದಲು ಬಾಯಿ ತೆರೆಸಿದರು. ಕೆನ್ನೆಯ ಒಳಗೂ ಹುಣ್ಣು! ನಾವು ಅದನ್ನು ಎಲೆ ಅಡಿಕೆಯಿಂದ ಆಗಿದ್ದು ಅಂದುಕೊಂಡಿದ್ದೆವು. ಚೂರು ತೆಗೆದು ಬಯಾಪ್ಸಿ, ಆಮೇಲೆ ದೇಹವೇ ತನ್ನ ಚರ್ಮದ ಮೇಲೆ ದಾಳಿ ಮಾಡುತ್ತಿದೆಯೇ ಅಂತ ನೋಡುವ ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆ ಮಾಡಿದಾಗ ಪೆಂಫಿಗಸ್ ವಲ್ಗಾರಿಸ್ ಅಂತ ಬಂತು. ಚರ್ಮದ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಡೆಸ್ಮೊಗ್ಲೀನ್ ಪ್ರೊಟೀನಿನ ಮೇಲೆ ದೇಹವೇ ದಾಳಿ ಮಾಡುತ್ತದಂತೆ. ಬಾಯಿ, ಜನನಾಂಗದ ತೆಳು ಪದರದಲ್ಲಿ ಗುಳ್ಳೆ ಬೇಗ ಒಡೆದು ಹಸಿ ಗಾಯ ಮಾತ್ರ ಕಾಣುತ್ತದೆ.

ಅಂಟುರೋಗ ಅಲ್ಲ, ಲೈಂಗಿಕ ರೋಗವೂ ಅಲ್ಲ ಅಂದಾಗ ಅಮ್ಮ ಅತ್ತುಬಿಟ್ಟಳು. ಇಷ್ಟು ದಿನ ಆ ಭಯ ಒಳಗೇ ಇಟ್ಟುಕೊಂಡಿದ್ದಳು, ಪಾಪ. ಸ್ಟೀರಾಯ್ಡ್ ಮಾತ್ರೆ ಶುರುವಾಗಿದೆ. ಮುಂದೆ ದೇಹದ ಈ ದಾಳಿ ತಗ್ಗಿಸುವ ರಿಟುಕ್ಸಿಮಾಬ್ ಅನ್ನೋ ಔಷಧಿ ಬೇಕಾಗಬಹುದು. ನಿನ್ನೆ ಉರಿಯಿಲ್ಲದೆ ಮೂತ್ರ ಹೋಯಿತಂತೆ.