ಪೀಠಿಕೆ ಬಾಯಿಪಾಠ ಆಗಿದೆ, ಅರ್ಥ ಆಗಿಲ್ಲ: 7ನೇ ತರಗತಿಗೆ ಏನು ಮಾಡಬಹುದು?

ಪ್ರಶ್ನೆ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, 7ನೇ ತರಗತಿ, 32 ಮಕ್ಕಳು. ಪ್ರಾರ್ಥನೆ ವೇಳೆ ದಿನಾ ಸಂವಿಧಾನ ಪೀಠಿಕೆ ಓದಿಸುತ್ತೇವೆ, ಎಲ್ಲರಿಗೂ ಬಾಯಿಗೆ ಬಂದಿದೆ. ‘ಗಣರಾಜ್ಯ ಅಂದರೇನು’ ಅಂತ ಕೇಳಿದರೆ ‘ಜನವರಿ 26’ ಅನ್ನುತ್ತಾರೆ. ಮೂಲ ದಾಖಲೆ ಇಟ್ಟುಕೊಂಡು ಮಕ್ಕಳೇ ಹುಡುಕಿ ಕಲಿಯುವ ಪಾಠ ಮಾಡಬೇಕೆಂದಿದ್ದೇನೆ. 40 ನಿಮಿಷದ ಎರಡು ಪೀರಿಯಡ್ ಸಿಗುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ಸಮಾಜ ವಿಜ್ಞಾನ ಸಂಪನ್ಮೂಲ ವ್ಯಕ್ತಿ): ಮೇಡಂ, ಪದಗಳ ಅರ್ಥದಿಂದ ಶುರು ಮಾಡಬೇಡಿ. ಅರ್ಥ ಬೋರ್ಡಿಗೆ ಬಂದ ಕೂಡಲೇ ಮಕ್ಕಳು ಬರೆದುಕೊಳ್ಳುತ್ತಾರೆ, ಹುಡುಕುವುದು ಅಲ್ಲಿಗೆ ನಿಂತುಬಿಡುತ್ತದೆ. ಪೀಠಿಕೆಯ ಎರಡು ಪ್ರತಿ ಪಕ್ಕಪಕ್ಕ ಕೊಡಿ: 1949ರದ್ದು ಒಂದು, ಈಗಿನದು ಇನ್ನೊಂದು. ಯಾವುದು ಹಳೆಯದು ಅಂತ ಹೇಳಬೇಡಿ. ‘ಅ’, ‘ಆ’ ಅಂತ ಗುರುತು ಹಾಕಿದರೆ ಸಾಕು.

ಹಾಳೆ ತಯಾರಿಸುವಾಗಲೇ ಒಂದು ದೊಡ್ಡ ತಪ್ಪು ಆಗುತ್ತದೆ. ಎರಡು ಬೇರೆ ಪುಸ್ತಕಗಳಿಂದ ಟೈಪ್ ಮಾಡಿದರೆ ಅನುವಾದವೇ ಬೇರೆ ಇರುತ್ತದೆ. ಒಂದರಲ್ಲಿ ‘ಜಾತ್ಯತೀತ’, ಇನ್ನೊಂದರಲ್ಲಿ ‘ಸರ್ವಧರ್ಮ ಸಮಭಾವದ’. ಮಕ್ಕಳು ಅದನ್ನೂ ತಿದ್ದುಪಡಿ ಅಂತ ಎಣಿಸುತ್ತಾರೆ. ಹಾಗಾಗಿ ನೀವು ದಿನಾ ಓದಿಸುವ ಪಾಠವನ್ನೇ ಟೈಪ್ ಮಾಡಿ, ಅದರಿಂದ ‘ಸಮಾಜವಾದಿ’, ‘ಜಾತ್ಯತೀತ’, ‘ಅಖಂಡತೆ’ ಮೂರನ್ನು ತೆಗೆದು ಇನ್ನೊಂದು ಪ್ರತಿ ಮಾಡಿ. ಅಕ್ಷರ 16 ಪಾಯಿಂಟ್, ಪ್ರತಿ ಸಾಲಿಗೂ ಸಂಖ್ಯೆ, ಬಲಗಡೆ ಎರಡು ಇಂಚು ಖಾಲಿ. ಇಬ್ಬರಿಗೆ ಒಂದು ಜೊತೆ ಹಾಳೆ, ಒಟ್ಟು 16 ಜೊತೆ. ಎಂಟೆಂಟು ಮಕ್ಕಳ ಗುಂಪು ಮಾಡಿದರೆ ಇಬ್ಬರು ಓದುತ್ತಾರೆ, ಆರು ಜನ ಕಿಟಕಿ ನೋಡುತ್ತಾರೆ.

ಮೊದಲ 15 ನಿಮಿಷ ವ್ಯತ್ಯಾಸಕ್ಕೆ ಅಡಿಗೆರೆ ಎಳೆಯುವುದಷ್ಟೇ. ಆಮೇಲೆ ಬಲಗಡೆ ಮೂರು ವಿಷಯ ಬರೆಯಲಿ: ಕಂಡದ್ದು, ಊಹಿಸಿದ್ದು, ಕೇಳಬೇಕಾದದ್ದು. ಕಂಡದ್ದನ್ನೂ ಊಹೆಯನ್ನೂ ಬೇರೆ ಮಾಡುವುದೇ ಈ ಪಾಠದ ಜೀವ, ಅಲ್ಲಿ ಅವಸರ ಬೇಡ. ‘ಇದನ್ನ ಅಂಬೇಡ್ಕರ್ ಬರೆದರು’ ಅಂತ ಒಬ್ಬ ಅಂದರೆ ‘ಸರಿ’ ‘ತಪ್ಪು’ ಅನ್ನದೆ ‘ಎಷ್ಟನೇ ಸಾಲಿನಲ್ಲಿದೆ, ತೋರಿಸು’ ಅನ್ನಿ. ಹುಡುಕಿ, ಇಲ್ಲ ಅಂತ ಕಂಡಾಗ ಅವನೇ ಅದನ್ನು ಊಹೆಯ ಕಡೆಗೆ ಸಾಗಿಸುತ್ತಾನೆ.

ಇನ್ನು ಮುಖ್ಯ ಗಂಟು. ಕೊನೆಯಲ್ಲಿ ತಾರೀಕು ನೋಡಲು ಹೇಳಿ. ಎರಡರಲ್ಲೂ 1949ರ ನವೆಂಬರ್ 26 ಅಂತಲೇ ಇದೆ! ಒಂದೇ ದಿನದ ದಾಖಲೆ, ಪದಗಳು ಮಾತ್ರ ಬೇರೆ, ಹೇಗೆ? ಈ ಪ್ರಶ್ನೆ ಮಕ್ಕಳ ಬಾಯಿಂದಲೇ ಬರಬೇಕು. ಉತ್ತರ ಕೊಡದೆ ಮೊದಲ ಪೀರಿಯಡ್ ಮುಗಿಸಿ.

ಎರಡನೇ ಪೀರಿಯಡ್‌ಗೆ ಎರಡು ಹೊಸ ಸುಳಿವು. ಒಂದು, ಕೈಬರಹದ ಮೂಲ ಪ್ರತಿಯ ಪೀಠಿಕೆ ಪುಟದ ಚಿತ್ರ. ಅದರ ಇಂಗ್ಲಿಷ್‌ನಲ್ಲಿ ‘ಸಾವರಿನ್ ಡೆಮಾಕ್ರಟಿಕ್ ರಿಪಬ್ಲಿಕ್’ (ಸಾರ್ವಭೌಮ ಪ್ರಜಾಸತ್ತಾತ್ಮಕ ಗಣರಾಜ್ಯ) ಅಂತಷ್ಟೇ ಇದೆ. ಇನ್ನೊಂದು, ಈಗಿನ ಸಂವಿಧಾನದಲ್ಲಿ ಪೀಠಿಕೆಯ ಕೆಳಗಿರುವ ಅಡಿಟಿಪ್ಪಣಿ: 1976ರ 42ನೇ ತಿದ್ದುಪಡಿ, ಜಾರಿ 3-1-1977ರಿಂದ. ಆ ಮೂರು ಪದ ಸೇರಿದ್ದು ಈ ತಿದ್ದುಪಡಿಯಿಂದಲೇ. ಅಡಿಟಿಪ್ಪಣಿಯನ್ನು ಮೊದಲೇ ಕೊಟ್ಟರೆ ಪಾಠ ಐದೇ ನಿಮಿಷಕ್ಕೆ ಮುಗಿದುಹೋಗುತ್ತದೆ.

ಮರುಪ್ರಶ್ನೆ: ಧನ್ಯವಾದ ಸರ್. ‘ಸೇರಿಸಿದ್ದು ಸರಿನಾ ತಪ್ಪಾ’ ಅಂತ ಕೇಳಿಯೇ ಕೇಳುತ್ತಾರೆ. ಊರಲ್ಲಿ ರಾಜಕೀಯ ಆಗುವ ಭಯ.

ಉತ್ತರ: ನಿಮ್ಮ ತೀರ್ಪು ಹೇಳಬೇಡಿ, ಎರಡು ಚೀಟಿ ಕೊಡಿ. 1948ರ ನವೆಂಬರ್ 15ರಂದು ಸಂವಿಧಾನ ಸಭೆಯಲ್ಲಿ ಸದಸ್ಯ ಕೆ.ಟಿ. ಶಾ ಅವರು ‘ಸೆಕ್ಯುಲರ್, ಫೆಡರಲ್, ಸೋಷಿಯಲಿಸ್ಟ್’ (ಜಾತ್ಯತೀತ, ಒಕ್ಕೂಟ, ಸಮಾಜವಾದಿ) ಎಂಬ ಪದಗಳನ್ನು ಸಂವಿಧಾನದ 1ನೇ ವಿಧಿಗೆ ಸೇರಿಸಲು ಸೂಚಿಸಿದ್ದರು. ಸಮಾಜದ ಆರ್ಥಿಕ ವ್ಯವಸ್ಥೆ ಹೇಗಿರಬೇಕು ಅನ್ನುವುದನ್ನು ಕಾಲಕ್ಕೆ ತಕ್ಕಂತೆ ಜನರೇ ತೀರ್ಮಾನಿಸಲಿ ಎಂದು ಅಂಬೇಡ್ಕರ್ ವಿರೋಧಿಸಿದರು, ಸೂಚನೆ ಬಿದ್ದುಹೋಯಿತು. ಇದು ಮೊದಲ ಚೀಟಿ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪೀಠಿಕೆಗೆ ‘ಸಮಾಜವಾದಿ’, ‘ಜಾತ್ಯತೀತ’ ಸೇರಿಸಿದ್ದನ್ನು ಪ್ರಶ್ನಿಸಿದ ಅರ್ಜಿಗಳನ್ನು ವಜಾ ಮಾಡಿತು, ಅದು ಎರಡನೆಯದು. ಪ್ರತಿಯೊಂದನ್ನೂ ಆರು ಸಾಲಿಗೆ ಇಳಿಸಿ, ಸುಲಭ ಕನ್ನಡದಲ್ಲಿ ಬರೆಯಿರಿ. ತಿದ್ದುಪಡಿ ಆದದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ ಅನ್ನುವುದನ್ನು ಮುಚ್ಚಿಡಬೇಡಿ, ಅದು ಇತಿಹಾಸ. ಯಾವ ಮಗು ಯಾವ ಕಡೆ ಮಾತಾಡಿದರೂ ‘ಆಧಾರ ಯಾವ ಸಾಲು’ ಅನ್ನುವ ಒಂದೇ ಪ್ರಶ್ನೆ ಇರಲಿ. ಕೈ ಎತ್ತಿಸಿ ಮತ ಹಾಕಿಸಬೇಡಿ. ಮಕ್ಕಳು ಗೆಳೆಯರ ಕೈ ನೋಡಿ ಕೈ ಎತ್ತುತ್ತಾರೆ.

ಇನ್ನೊಬ್ಬ ಸದಸ್ಯೆ (ಪ್ರೌಢಶಾಲಾ ಶಿಕ್ಷಕಿ): ಮೌಲ್ಯಮಾಪನದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಪೀಠಿಕೆಯ ಮೇಲೆಯೇ ಪರೀಕ್ಷೆ ಮಾಡಿದರೆ ಮತ್ತೆ ಬಾಯಿಪಾಠಕ್ಕೇ ಹೋಗುತ್ತದೆ. ಮಕ್ಕಳು ನೋಡಿರದ ದಾಖಲೆ ಬೇಕು. ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿ ಗ್ರಾಮ ಸಭೆಯ ಒಂದು ತಿಳಿವಳಿಕೆ ಪತ್ರ ತನ್ನಿ, ಫೋನ್ ನಂಬರ್ ಇದ್ದರೆ ಅಳಿಸಿ ಜೆರಾಕ್ಸ್ ಮಾಡಿಸಿ. ಯಾರು ಬರೆದದ್ದು, ಯಾರಿಗೆ, ಯಾವಾಗ, ಇದರಲ್ಲಿ ಏನನ್ನು ಹೇಳಿಲ್ಲ: ನಾಲ್ಕು ಪ್ರಶ್ನೆ, ಹತ್ತು ನಿಮಿಷ. ಮೊದಲ ಮೂರಕ್ಕೆ ಸಾಲಿನ ಸಂಖ್ಯೆ ಬರೆದರೆ ಮಾತ್ರ ಅಂಕ. ನಾಲ್ಕನೆಯದಕ್ಕೆ ಮಕ್ಕಳು ಬರೆದದ್ದನ್ನು ಎತ್ತಿಟ್ಟುಕೊಳ್ಳಿ, ಮಕ್ಕಳ ಗ್ರಾಮ ಸಭೆ ನಡೆದಾಗ ಕೇಳಬೇಕಾದ ಪ್ರಶ್ನೆಗಳು ಅದರಲ್ಲೇ ಸಿಗುತ್ತವೆ.