ಹತ್ತೂವರೆ ತಿಂಗಳಾದರೂ ಅಂಬೆಗಾಲಿಲ್ಲ: ಕಂಡವರು ಹೇಳಿ

ಕೇಳಿದವರು: ನಿಟ್ಟುವಳ್ಳಿಯ ತಾಯಿ

ನಮ್ಮದು ದಾವಣಗೆರೆಯ ನಿಟ್ಟುವಳ್ಳಿ. ಮಗನಿಗೆ ಹತ್ತೂವರೆ ತಿಂಗಳು. ಬೋರಲಾಗುತ್ತಾನೆ, ಕೂರಿಸಿದರೆ ಬೀಳದೆ ಕೂರುತ್ತಾನೆ, ಚೆನ್ನಾಗಿ ನಗುತ್ತಾನೆ. ಅಂಬೆಗಾಲು ಮಾತ್ರ ಇಲ್ಲ. ಕೆಳಗೆ ಬಿಟ್ಟರೆ ಹೊಟ್ಟೆಯ ಮೇಲೆ ಗಾಣದ ಎತ್ತಿನಂತೆ ಇದ್ದಲ್ಲೇ ಸುತ್ತುತ್ತಾನೆ. ನಾದಿನಿಯ ಮಗಳು ಇವನಿಗಿಂತ ಹನ್ನೆರಡು ದಿನ ಚಿಕ್ಕವಳು. ಹೋದ ಅಮಾವಾಸ್ಯೆಗೆ ಬಂದವಳು ಸರಸರನೆ ಹೋಗಿ ಅಡುಗೆಮನೆಯ ಹೊಸ್ತಿಲು ದಾಟಿದಳು. ಅತ್ತೆ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ಹೋಳಿಗೆ ಮಾಡಿಸಿದರು. ಹೂರಣ ರುಬ್ಬಿದವಳು ನಾನೇ. ಯಾರೂ ಏನೂ ಅನ್ನಲಿಲ್ಲ. ಅನ್ನದೇ ಇದ್ದುದೇ ಹೆಚ್ಚು ಚುಚ್ಚಿತು.

ಹೆರಿಗೆ 34ನೇ ವಾರಕ್ಕೇ ಆಯಿತು. ಮಗುವನ್ನು ಒಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. "ಗಂಡುಮಕ್ಕಳು ಎಲ್ಲದರಲ್ಲೂ ತಡ" ಎಂದು ಇವರು ಮಗ್ಗುಲು ಬದಲಿಸುತ್ತಾರೆ. ನಾನು ಮೊಬೈಲಿನಲ್ಲಿ ಓದುತ್ತಾ ಓದುತ್ತಾ ಬೆಳಗಿನ ಜಾವ ಮೂರು ಗಂಟೆಯಾಗುತ್ತದೆ. ಸಮಾಧಾನದ ಮಾತು ಮನೆಯಲ್ಲೇ ಬೇಕಾದಷ್ಟು ಸಿಗುತ್ತದೆ. ನಿಮ್ಮ ಮನೆಯಲ್ಲಿ ಏನಾಯಿತು, ಆಗ ನೀವು ಏನು ಮಾಡಿದಿರಿ, ಅದನ್ನು ಹೇಳಿ.

ಹರಿಹರದಿಂದ, ಇಬ್ಬರು ಮಕ್ಕಳ ತಾಯಿ

ಮೊದಲು ಲೆಕ್ಕ ಸರಿಮಾಡಿಕೊಳ್ಳಿ ತಂಗಿ. ನಲವತ್ತು ವಾರಕ್ಕೆ ಆಗಬೇಕಾದ ಹೆರಿಗೆ 34ಕ್ಕೆ ಆಯಿತೆಂದರೆ ಆರು ವಾರ ಮೊದಲು. ಆ ಆರು ವಾರವನ್ನು ಮಗುವಿನ ವಯಸ್ಸಿನಿಂದ ಕಳೆಯಬೇಕು. ದಿನ ತುಂಬದೆ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ಎರಡು ವರ್ಷ ತುಂಬುವವರೆಗೂ ವೈದ್ಯರು ಹೀಗೆಯೇ ಎಣಿಸುತ್ತಾರೆ. ಈ ಲೆಕ್ಕದಲ್ಲಿ ನಿಮ್ಮ ಮಗನಿಗೆ ಒಂಬತ್ತು ತಿಂಗಳು. ನಾದಿನಿಯ ಮಗಳು ದಿನ ತುಂಬಿ ಹುಟ್ಟಿದವಳಾದರೆ ಇವನಿಗಿಂತ ಚಿಕ್ಕವಳಲ್ಲ, ಒಂದು ತಿಂಗಳು ದೊಡ್ಡವಳು. ಲಸಿಕೆಗೆ ಮಾತ್ರ ಕಳೆಯುವ ಲೆಕ್ಕವಿಲ್ಲ, ಅದು ಹುಟ್ಟಿದ ದಿನದಿಂದಲೇ. ಒಂಬತ್ತು ತಿಂಗಳ ದಡಾರ ಲಸಿಕೆ ಹಾಕಿಸಿದ್ದೀರಿ ತಾನೆ?

ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಅವಧಿಗಳನ್ನು ಕಾಗದದಲ್ಲಿ ಬರೆದು ನಮ್ಮ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳೊಳಗೆ. ಅಂಬೆಗಾಲು 5.2ರಿಂದ 13.5. ತಾನೇ ನಡೆಯುವುದು 8.2ರಿಂದ 17.6. ಎಷ್ಟು ಅಗಲವಿದೆ ನೋಡಿ! ಅಂಬೆಗಾಲು ಇಡದೆಯೇ ನೇರವಾಗಿ ಎದ್ದು ನಡೆದ ಮಕ್ಕಳೂ ಅದೇ ಅಧ್ಯಯನದಲ್ಲಿ ನೂರಕ್ಕೆ ನಾಲ್ವರಷ್ಟು ಇದ್ದರು.

ನನ್ನ ಮೊದಲ ಮಗಳು ಅಂಥವಳೇ. ಕೂತಲ್ಲೇ ಒಂದು ಕಾಲು ಮಡಚಿ, ಇನ್ನೊಂದರಿಂದ ನೆಲ ಒದ್ದು, ಹುಟ್ಟು ಹಾಕಿದ ತೆಪ್ಪದಂತೆ ಜಾರಿಕೊಂಡು ಹೋಗುತ್ತಿದ್ದಳು. ನಡೆದದ್ದು ಹದಿನೇಳು ತಿಂಗಳು ಮುಗಿದ ಮೇಲೆ. ಅಷ್ಟರೊಳಗೆ ನಾನು ಹೊರದ ಹರಕೆ ಇಲ್ಲ. ಒಂದು ದಿನ ನಮ್ಮ ಅತ್ತೆ ಅಕ್ಕಿ ಆರಿಸುತ್ತಾ, "ಇವರಪ್ಪನೂ ಹೀಗೆಯೇ ಜಾರುತ್ತಿದ್ದ, ಚಡ್ಡಿಗೆ ತೇಪೆ ಹಾಕಿ ಹಾಕಿ ಸಾಕಾಗಿತ್ತು" ಎಂದರು. ಈ ಮಾತನ್ನು ಆರು ತಿಂಗಳು ಮೊದಲೇ ಹೇಳಬಾರದಿತ್ತೇ? ಕೂತು ಜಾರುವ ಮಕ್ಕಳು ನಡೆಯುವುದು ತಡ, ಅದು ಮನೆತನದಲ್ಲೂ ಬರುತ್ತದೆ ಎಂದು ವೈದ್ಯರೂ ಆಮೇಲೆ ಹೇಳಿದರು. ನಿಮ್ಮ ಮನೆಯ ಹಿರಿಯರನ್ನು ಕೆದಕಿ ಕೇಳಿ.

ವಿದ್ಯಾನಗರದಿಂದ, ಒಬ್ಬ ತಂದೆ

ಅಕ್ಕ ಹೇಳಿದ ವಾರದ ಲೆಕ್ಕ ಸರಿ. ಆದರೆ "ಇವರಪ್ಪನೂ ಹೀಗೆಯೇ" ಎಂಬ ಮಾತನ್ನು ನಂಬಿ ಕೆಟ್ಟವನು ನಾನು, ಆದ್ದರಿಂದ ನನ್ನದನ್ನೂ ಕೇಳಿ.

ನಮ್ಮ ಮಗಳು ಕೂರುವುದು, ನಿಲ್ಲುವುದು, ನಡೆಯುವುದು ಎಲ್ಲದರಲ್ಲೂ ಮುಂದು. ಹನ್ನೊಂದಕ್ಕೆ ನಡೆದಳು. ನೆಂಟರೆದುರು ನಡೆಸಿ ತೋರಿಸುತ್ತಿದ್ದೆವು. ಮಾತು ಬರಲಿಲ್ಲ. ಆರು ತಿಂಗಳಲ್ಲಿ ಬಬಬ ಎನ್ನುತ್ತಿದ್ದವಳು ಬರಬರುತ್ತಾ ಅದನ್ನೂ ಕಡಿಮೆ ಮಾಡಿದಳು. ನಾನು ಮೂರು ವರ್ಷಕ್ಕೆ ಮಾತು ಕಲಿತವನಂತೆ. ನಮ್ಮಮ್ಮ ಅದನ್ನು ಎಷ್ಟು ಧೈರ್ಯದಿಂದ ಹೇಳುತ್ತಿದ್ದರೆಂದರೆ ಯಾರಿಗೂ ಅನುಮಾನ ಬರಲಿಲ್ಲ. ತೋರಿಸಿದ ಒಬ್ಬ ವೈದ್ಯರು ಸಹ ಕಾದು ನೋಡಿ ಎಂದರು. ದೀಪಾವಳಿಯ ರಾತ್ರಿ ಬೀದಿಯ ಮಕ್ಕಳೆಲ್ಲ ಪಟಾಕಿಗೆ ಬೆಚ್ಚಿ ಬೆಚ್ಚಿ ಅಳುತ್ತಿದ್ದಾಗ ಇವಳು ಕಿಟಕಿಯ ಪಕ್ಕದ ಮಂಚದಲ್ಲಿ ಅಂಗಾತ ಮಲಗಿ ನಿದ್ದೆ ಮಾಡುತ್ತಿದ್ದಳು. "ಎಂಥ ಧೈರ್ಯದ ಹುಡುಗಿ" ಎಂದು ನಾನು ಫೋಟೊ ತೆಗೆದೆ. ಆ ಫೋಟೊ ಈಗಲೂ ಮೊಬೈಲಿನಲ್ಲಿದೆ.

ಇಪ್ಪತ್ತೆರಡನೇ ತಿಂಗಳಲ್ಲಿ ನನ್ನ ತಂಗಿ ಅವಳ ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆಗೆ ಚಮಚದಿಂದ ಬಾರಿಸಿದಳು. ಮಗು ತಿರುಗಲಿಲ್ಲ. ಎರಡನೇ ಸಲವೂ ತಿರುಗಲಿಲ್ಲ. ಆ ವಾರವೇ ರಾತ್ರಿ ಬಸ್ಸಿಗೆ ಮೈಸೂರಿಗೆ ಹೋದೆವು, ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ. ಮಲಗಿಸಿ ತಲೆಗೆ ತಂತಿ ಅಂಟಿಸಿ, ಶಬ್ದಕ್ಕೆ ಕಿವಿಯ ನರ ಸ್ಪಂದಿಸುತ್ತದೆಯೇ ಎಂದು ನೋಡುವ ಬೆರಾ ಪರೀಕ್ಷೆ ಮಾಡಿದರು. ಎರಡೂ ಕಿವಿ ಮಂದ. ಶ್ರವಣ ಯಂತ್ರ ಹಾಕಿಸಿ ಮಾತಿನ ತರಬೇತಿ ಕೊಡಿಸಿದೆವು. ಈಗ ಮೂರನೇ ತರಗತಿ. 'ಸ' ಮತ್ತು 'ಶ' ಇನ್ನೂ ಬೆರೆಯುತ್ತವೆ, ಜಗಳಕ್ಕೆ ಮಾತ್ರ ಯಾವ ಅಕ್ಷರವೂ ಅಡ್ಡ ಬರುವುದಿಲ್ಲ. ಮಾತಿಗೆ ಮೊದಲ ಎರಡು ವರ್ಷ ಎಷ್ಟು ಮುಖ್ಯ ಎಂದು ಅಲ್ಲಿಯವರು ವಿವರಿಸುವಾಗ ನಾನು ಗೋಡೆಯ ಕಡೆ ನೋಡುತ್ತಿದ್ದೆ.

ನಿಮ್ಮ ಮಗ ಒಂಬತ್ತು ದಿನ ಪೆಟ್ಟಿಗೆಯಲ್ಲಿದ್ದ ಎಂದಿರಿ. ಐದು ದಿನಕ್ಕಿಂತ ಹೆಚ್ಚು ನವಜಾತ ತೀವ್ರ ನಿಗಾ ಘಟಕದಲ್ಲಿದ್ದ ಮಕ್ಕಳಿಗೆ ಕಿವಿಯ ತೊಂದರೆಯ ಸಾಧ್ಯತೆ ಹೆಚ್ಚು. ಬಿಡುಗಡೆಯ ಚೀಟಿಯಲ್ಲಿ ಓಎಇ (ಅದೂ ನವಜಾತ ಶಿಶುಗಳ ಕಿವಿಯ ಪರೀಕ್ಷೆಯೇ) ಅಥವಾ ಬೆರಾ ಎಂದು ಬರೆದಿದೆಯೇ ನೋಡಿ. ಇಲ್ಲದಿದ್ದರೆ ಅಂಬೆಗಾಲಿನ ಚಿಂತೆಯನ್ನು ಪಕ್ಕಕ್ಕಿಟ್ಟು ಮೊದಲು ಅದನ್ನು ಮಾಡಿಸಿ.

ಜಗಳೂರು ತಾಲ್ಲೂಕಿನಿಂದ, ಅಂಗನವಾಡಿ ಕಾರ್ಯಕರ್ತೆ

ನಿಮ್ಮ ತಾಯಿ ಕಾರ್ಡ್ ಎಲ್ಲಿದೆ? ನಾನು ಕೇಳಿದ ಮನೆಗಳಲ್ಲಿ ಅರ್ಧ ಜನ ಅದನ್ನು ಬೀರುವಿನಲ್ಲಿ ಸೀರೆಯ ಕೆಳಗಿಟ್ಟಿರುತ್ತಾರೆ. ತೂಕದ ಗೆರೆ ಎಳೆಯುವ ಆ ಕಾರ್ಡಿನಲ್ಲೇ ಯಾವ ತಿಂಗಳಿಗೆ ಮಗು ಏನು ಮಾಡಬೇಕು ಎಂಬುದರ ಚಿತ್ರಗಳಿವೆ. ಮೊಬೈಲ್ ಬಿಟ್ಟು ಅದನ್ನು ನೋಡಿ.

ಮಗು ನೆಲದ ಮೇಲೆ ದಿನಕ್ಕೆ ಎಷ್ಟು ಹೊತ್ತು ಇರುತ್ತದೆ? ಸತ್ಯ ಹೇಳಿ. ನಮ್ಮ ಕಡೆ ಮೊದಲ ಮಗು ಎಂದರೆ ಒಬ್ಬರ ಸೊಂಟದಿಂದ ಇಳಿದು ಇನ್ನೊಬ್ಬರ ಸೊಂಟಕ್ಕೆ. ಅಲ್ಲಿಂದ ಇಳಿದರೆ ಪ್ಲಾಸ್ಟಿಕ್ ಗಾಲಿಗಳ ವಾಕರ್. ಅದರಲ್ಲಿ ಕೂರಿಸಿದರೆ ಬೇಗ ನಡೆಯುತ್ತದೆ ಎಂಬುದು ಸುಳ್ಳು. ತುದಿಗಾಲಲ್ಲಿ ತಳ್ಳುವುದನ್ನು ಕಲಿಯುತ್ತದೆ, ನಡೆಯುವುದು ತಡವಾಗುತ್ತದೆ, ಮೆಟ್ಟಿಲಿದ್ದರೆ ಉರುಳುತ್ತದೆ. ಕೆನಡಾ ದೇಶ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿತು. ನಿಂತು ಹಿಡಿದು ತಳ್ಳುವ ಮೂರು ಗಾಲಿಯ ಮರದ ಬಂಡಿ ಬೇರೆ, ಅದು ಆಮೇಲೆ ಬರಲಿ. ಈಗ ಚಾಪೆ ಹಾಸಿ ಬೋರಲು ಮಲಗಿಸಿ, ಕೈಗೆ ಎಟುಕದಷ್ಟು ದೂರದಲ್ಲಿ ಒಂದು ಹೊಳೆಯುವ ಲೋಟ ಇಟ್ಟು ನೀವೂ ಎದುರಿಗೆ ಬೋರಲು ಮಲಗಿ. ಅತ್ತೆ ನಗಲಿ, ಪರವಾಗಿಲ್ಲ. ಇದ್ದಲ್ಲೇ ಸುತ್ತುವ ಮಗು ತೆವಳಲು ಕೈ ಹಾಕಿದೆ ಎಂದೇ ನಾನು ತಿಳಿಯುತ್ತೇನೆ.

ಇನ್ನೊಂದು, ನಮ್ಮ ಊರಿನ ಪರೀಕ್ಷೆ. ಒಂದು ಮಂಡಕ್ಕಿ ಕಾಳನ್ನು ಚಾಪೆಯ ಮೇಲಿಡಿ. ಏಳು ತಿಂಗಳ ಮಗು ಇಡೀ ಅಂಗೈಯಿಂದ ಗೋರುತ್ತದೆ. ಬೆವರಿಗೆ ಅಂಟಿಕೊಂಡರೆ ಕಾಳು ಬಂತು, ಇಲ್ಲದಿದ್ದರೆ ಇಲ್ಲ. ಒಂಬತ್ತರಿಂದ ಹನ್ನೆರಡರೊಳಗೆ ಹೆಬ್ಬೆರಳು ತೋರುಬೆರಳು ಕೂಡಿ ಚಿಮಟದಂತೆ ಎತ್ತುತ್ತದೆ. ಕೆಲಸ ಎರಡೂ ಕೈಯಲ್ಲಿ ಆಗುತ್ತಿದೆಯೇ ನೋಡಿ. ಕಾಳು ಬಾಯಿಗೆ ಹೋಗುವ ಮುಂಚೆ ನೀವು ಎತ್ತಿಕೊಳ್ಳಿ. ಮಂಡಕ್ಕಿಯ ಜೊತೆಗಿರುವ ಶೇಂಗಾ, ಪುಟಾಣಿ ಈ ವಯಸ್ಸಿನ ಮಕ್ಕಳ ಹತ್ತಿರವೂ ಸುಳಿಯಬಾರದು, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತವೆ.

ಯಾವುದಕ್ಕೆ ಕಾಯಬಾರದು ಎಂದರೆ: ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಮೈ ಕಟ್ಟಿಗೆಯಂತೆ ಬಿಗಿಯಾಗಿದ್ದರೆ ಅಥವಾ ಒದ್ದೆ ಬಟ್ಟೆಯಂತೆ ಜೋತುಬಿದ್ದರೆ, ಮುಖ ನೋಡಿ ನಗದಿದ್ದರೆ, ಹದಿನೆಂಟು ತಿಂಗಳಾದರೂ ನಡೆಯದಿದ್ದರೆ. ಎಲ್ಲಕ್ಕಿಂತ ಮಿಗಿಲಾಗಿ, ಕಲಿತದ್ದನ್ನು ಮರೆತರೆ. ನಿನ್ನೆ ಮಾಡುತ್ತಿದ್ದುದನ್ನು ಇವತ್ತು ಬಿಟ್ಟ ಮಗುವನ್ನು ನಾನು ಅದೇ ವಾರ ಆಸ್ಪತ್ರೆಗೆ ಕಳುಹಿಸುತ್ತೇನೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ, ಬೆಳವಣಿಗೆ ಕುಂಠಿತವೆನಿಸಿದ ಮಕ್ಕಳನ್ನು ಜಿಲ್ಲಾ ಮಟ್ಟಕ್ಕೆ ಉಚಿತವಾಗಿ ಕಳುಹಿಸುತ್ತದೆ. ನಿಮ್ಮ ಬಡಾವಣೆಯ ಅಂಗನವಾಡಿಯಲ್ಲಿ ಹೆಸರು ಬರೆಸಿದ್ದೀರಾ? ನಗರದವರು ಇದೆಲ್ಲ ತಮಗಲ್ಲ ಎಂದುಕೊಂಡಿರುತ್ತಾರೆ.

ಚಿತ್ರದುರ್ಗದಿಂದ, ಒಬ್ಬ ತಾಯಿ

ಎರಡೂ ಕೈ ನೋಡಿ ಎಂದರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮಗ ಆರನೇ ತಿಂಗಳಿಂದಲೇ ಎಲ್ಲದಕ್ಕೂ ಬಲಗೈ ಚಾಚುತ್ತಿದ್ದ. ಸದ್ಯ ಎಡಚನಲ್ಲ ಎಂದು ಎಲ್ಲರಿಗೂ ಸಂತೋಷ. ಎಡಗೈ ಮುಷ್ಟಿ ಬಿಚ್ಚುವುದಿಲ್ಲ ಎಂಬುದು ಸ್ನಾನ ಮಾಡಿಸುವ ಅಜ್ಜಿಗೆ ಗೊತ್ತಾಯಿತು. ಬೆರಳ ಸಂದಿಯ ಹಿಟ್ಟು ತೊಳೆಯಲು ದಿನವೂ ಬಿಡಿಸಬೇಕಾಗಿತ್ತಂತೆ. ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ನೆಚ್ಚಿದರೆ ಇನ್ನೊಂದು ಕೈಗೆ ಏನೋ ತೊಂದರೆ ಇರಬಹುದು ಎಂದರ್ಥ. ಎಂಟನೇ ತಿಂಗಳಲ್ಲಿ ವ್ಯಾಯಾಮ ಚಿಕಿತ್ಸೆ ಶುರುವಾಯಿತು. ಈಗ ಐದು ವರ್ಷ, ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುತ್ತಾನೆ. ಒಂದು ಅಂಗಿಗೆ ಹತ್ತು ನಿಮಿಷ ಬೇಕು. ನಾವು ಕಾಯುತ್ತೇವೆ.

ಹೊಳಲ್ಕೆರೆಯಿಂದ, ಒಬ್ಬ ಅಜ್ಜಿ

ಮಾತು ಬರಲಿ, ಬುದ್ಧಿ ಬರಲಿ ಎಂದು ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಬೇಡಮ್ಮಾ. ವರ್ಷ ತುಂಬದ ಮಗುವಿಗೆ ಜೇನು ಕೂಡದು, ಅದರಲ್ಲಿರಬಹುದಾದ ಒಂದು ರೋಗಾಣುವಿನಿಂದ ನರಗಳೇ ಸೋಲುತ್ತವೆ. ನಾನೂ ನನ್ನ ಮಕ್ಕಳಿಗೆ ನೆಕ್ಕಿಸಿದವಳೇ, ಏನೂ ಆಗಲಿಲ್ಲ. ಹಾಗೆಂದು ಮೊಮ್ಮಕ್ಕಳಿಗೂ ನೆಕ್ಕಿಸಲು ಹೋಗಲಿಲ್ಲ.

ಮತ್ತೆ ನಿಟ್ಟುವಳ್ಳಿಯ ತಾಯಿ

ಗುರುವಾರ ಮಕ್ಕಳ ವೈದ್ಯರ ಹತ್ತಿರ ಹೋಗಿ ಬಂದೆವು. ನಾನು ಹತ್ತೂವರೆ ಎನ್ನುವಷ್ಟರಲ್ಲಿ ಅವರು ಕಾರ್ಡ್ ತಿರುವಿ "ಒಂಬತ್ತು" ಎಂದು ಬರೆದರು. ಕೈ ಹಿಡಿದು ಎಬ್ಬಿಸಿದರು, ಹೊಟ್ಟೆಗೆ ಕೈಕೊಟ್ಟು ಗಾಳಿಯಲ್ಲಿ ಬೋರಲು ಹಿಡಿದರು, ತೊಡೆ ಅಗಲಿಸಿ ಮಡಚಿ ನೋಡಿದರು. ಮೈಯ ಬಿಗಿ ಸರಿಯಾಗಿದೆಯಂತೆ. ರಕ್ತ ಕಡಿಮೆಯಿದೆ, ಕಬ್ಬಿಣದ ಹನಿ ಕೊಟ್ಟಿದ್ದಾರೆ. ಆರು ವಾರ ಬಿಟ್ಟು ಮತ್ತೆ ಬರಲು ಹೇಳಿದ್ದಾರೆ. ವಾಕರ್ ಅಟ್ಟ ಸೇರಿತು (ಹೌದು, ನಮ್ಮ ಮನೆಯಲ್ಲೂ ಇತ್ತು). ಮಂಡಕ್ಕಿಯನ್ನು ಎರಡೂ ಕೈಯಿಂದ ಗೋರುತ್ತಾನೆ, ಚಿಮಟ ಇನ್ನೂ ಬಂದಿಲ್ಲ. ಅತ್ತೆಯೇ ಎದುರಿಗೆ ಬೋರಲು ಮಲಗಿ ಲೋಟ ಬಾರಿಸುತ್ತಾರೆ. ಏಳುವಾಗ ಅವರನ್ನು ಎಬ್ಬಿಸಲು ಇಬ್ಬರು ಬೇಕು.

ಬಿಡುಗಡೆಯ ಚೀಟಿಯಲ್ಲಿ ಕಿವಿಯ ಪರೀಕ್ಷೆಯ ಸುದ್ದಿಯೇ ಇರಲಿಲ್ಲ. ಮಂಗಳವಾರಕ್ಕೆ ಬೆರಾ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಮಗು ನಿದ್ದೆಯಲ್ಲಿರಬೇಕಂತೆ. ವಿದ್ಯಾನಗರದ ಅಣ್ಣ, ನೀವು ಹೇಗೆ ಮಲಗಿಸಿದಿರಿ?

ವಿದ್ಯಾನಗರದಿಂದ

ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಮಲಗಲು ಬಿಡಬೇಡಿ. ಅಲ್ಲಿಗೆ ಹೋದ ಮೇಲೆ ಅವರು ಹೇಳಿದ ಹೊತ್ತಿಗೆ ಹಾಲು ಕುಡಿಸಿ. ಅವನದೇ ಹಳೆಯ ಹೊದಿಕೆ ಒಯ್ಯಿರಿ. ಅಂದು ತಲೆಗೆ ಎಣ್ಣೆ ಹಚ್ಚಬೇಡಿ, ತಂತಿ ಅಂಟುವುದಿಲ್ಲ. ನಾವು ಹಚ್ಚಿಕೊಂಡು ಹೋಗಿ ಅರ್ಧ ಗಂಟೆ ಒರೆಸಿದೆವು.